ಅರಬ್ ಮನೆತನದಿಂದ ಸಂಬಂಧ ಬಂದಾಗ: ಮಹರ್ ಮಾತಾಡುವ, ಬರೆಸುವ ಬಗೆ

ಮುಂಬಯಿಯ ಕುರ್ಲಾ, ಮೀರಾ ರೋಡ್, ಪುಣೆಯ ಕ್ಯಾಂಪ್, ಕೊಂಢ್ವಾ ಕಡೆ ನೆಲೆಸಿರುವ ಬ್ಯಾರಿ, ನವಾಯತ, ದಖ್ಖನಿ ಮುಸ್ಲಿಂ ಮನೆಗಳಿಗೆ ಅರಬ್ ಸಂಬಂಧ ಬರುವುದು ಹೆಚ್ಚಾಗಿ ಮೂರು ದಾರಿಯಲ್ಲಿ. ಪುಣೆಗೆ ಓದಲು ಬಂದ ಯೆಮನ್, ಇರಾಕ್, ಒಮಾನ್ ಕಡೆಯ ಹುಡುಗ. ದುಬೈಯಲ್ಲೋ ದಮ್ಮಾಮಿನಲ್ಲೋ ಇರುವ ಅಣ್ಣನ ಜೊತೆ ಕೆಲಸ ಮಾಡುವವನು. ಇಲ್ಲವೇ ದಲ್ಲಾಳಿ. ದಲ್ಲಾಳಿಯ ಮಾತು ಕೊನೆಗೆ ಬರುತ್ತದೆ. ಮೊದಲ ಎರಡರಲ್ಲಿ ಹುಡುಗನೂ ಒಳ್ಳೆಯವನಿದ್ದು, ಮನೆಯವರೂ ಸಭ್ಯರಿದ್ದು, ಕಾಗದ ಸರಿಯಿಲ್ಲದ ಒಂದೇ ಕಾರಣಕ್ಕೆ ಹೆಣ್ಣುಮಕ್ಕಳು ನಷ್ಟಪಡುವುದುಂಟು. ಈ ಬರಹ ಅದನ್ನು ತಡೆಯುವುದಕ್ಕೆ.

ಎಡವಟ್ಟು ಶುರುವಾಗುವುದು ನಮ್ಮ ವರದಕ್ಷಿಣೆಯ ಅಭ್ಯಾಸದಿಂದ. ಹೆಣ್ಣಿನ ಕಡೆಯವರು ಎಷ್ಟು ಕೊಡಬೇಕು ಎಂಬ ಲೆಕ್ಕವೇ ನಮಗೆ ರೂಢಿ. ಮಹರ್, ಎಂದರೆ ನಿಕಾಹಿನಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದ ಹಣ ಅಥವಾ ಒಡವೆ, ಎಷ್ಟು ಬರೆಸಬೇಕು ಎಂದು ಕೇಳಲು ನಾಲಿಗೆ ಬರುವುದಿಲ್ಲ. ‘ಕೇಳಿದರೆ ಮಗಳನ್ನು ಮಾರಿದ ಹಾಗೆ ಕಾಣುತ್ತದೆ’ ಎಂದು ಹಿರಿಯರು ಮಾತು ತೇಲಿಸಿಬಿಡುತ್ತಾರೆ. ಅರಬ್ ಮನೆಗಳಲ್ಲಿ ಹಣ ಹರಿಯುವುದು ಗಂಡಿನಿಂದ ಹೆಣ್ಣಿಗೆ. ಅಲ್ಲಿ ಮಹರ್ ಕೇಳದ ಮನೆ ದೊಡ್ಡ ಮನಸ್ಸಿನದು ಅನ್ನಿಸಿಕೊಳ್ಳುವುದಿಲ್ಲ, ಈ ಹುಡುಗಿಯ ಬೆನ್ನಿಗೆ ಯಾರೂ ಇಲ್ಲ ಎಂದು ಎಣಿಸುವವರೂ ಇರುತ್ತಾರೆ. ಸ್ಪಷ್ಟವಾಗಿ ಕೇಳುವುದೇ ಅಲ್ಲಿ ಮರ್ಯಾದೆ. ಮಹರ್ ಅಪ್ಪನದಲ್ಲ, ಅಣ್ಣನದಲ್ಲ, ಹುಡುಗಿಯದೇ. ಕುರ್‌ಆನಿನ ನಾಲ್ಕನೆಯ ಅಧ್ಯಾಯದ ನಾಲ್ಕನೆಯ ವಚನ ಅದನ್ನು ಅವಳ ಕೈಗೇ ಕೊಡಿ ಎನ್ನುತ್ತದೆ. ಯೆಮನ್ನಿನ ಕೆಲವು ಕಡೆ ಅಪ್ಪನಿಗೆ ‘ಶರ್ತ್’ ಎಂದು ಬೇರೆ ಹಣ ಕೊಡುವ ಪದ್ಧತಿ ಇದೆ. ಅದನ್ನು ಮಹರ್ ಜೊತೆ ಬೆರೆಸಬೇಡಿ. ಕೊಡಲು ಬಂದರೂ ಬೇಡವೆನ್ನುವುದು ಒಳ್ಳೆಯದು.

ಇಲ್ಲಿಯ ಕಾನೂನೂ ಈ ಎರಡನ್ನು ಬೇರೆಯಾಗಿಯೇ ನೋಡುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 2ನೇ ಕಲಮು ಮುಸ್ಲಿಂ ವೈಯಕ್ತಿಕ ಕಾನೂನಿನ ಮಹರನ್ನು ವರದಕ್ಷಿಣೆಯಿಂದ ಹೊರಗಿಟ್ಟಿದೆ. ಗಂಡಿನ ಕಡೆಯವರು ಕಾರು, ಫ್ಲಾಟು, ವೀಸಾ ಖರ್ಚು ಎಂದು ಕೇಳಿದರೆ ಅದು ಮಾತ್ರ ಅಪ್ಪಟ ವರದಕ್ಷಿಣೆ, ಅರಬ್ಬನೇ ಕೇಳಿದರೂ ಅಪರಾಧ.

ಮೊದಲ ಭೇಟಿ ಮತ್ತು ಕುಡಿಯದ ಕಾಫಿ

ಜೋರ್ಡಾನ್, ಪ್ಯಾಲೆಸ್ತೀನ್ ಕಡೆಯ ಮನೆತನವಾದರೆ ಹೆಣ್ಣು ಕೇಳಲು ‘ಜಾಹಾ’ ಬರುತ್ತದೆ, ಎಂದರೆ ಹಿರಿಯರ ತಂಡ. ಅವರಲ್ಲೊಬ್ಬರು ಮುಖಂಡರು. ನೀವು ಕಾಫಿ ಕೊಟ್ಟರೆ ಅವರು ಲೋಟ ತೆಗೆದುಕೊಂಡು ಕುಡಿಯದೆ ಮುಂದಿಡುತ್ತಾರೆ. ಬಂದ ಕೆಲಸ ಹೇಳುತ್ತಾರೆ. ಹೆಣ್ಣಿನ ಕಡೆಯ ಹಿರಿಯರು ‘ನಿಮ್ಮ ಕಾಫಿ ಕುಡಿಯಿರಿ’ ಅಂದರೆ ಸಂಬಂಧ ಒಪ್ಪಿದೆವು ಎಂದರ್ಥ. ನಮ್ಮ ಮನೆಗಳಲ್ಲಿ ಆಗುವುದೇನೆಂದರೆ, ಅತಿಥಿ ಲೋಟ ಕೆಳಗಿಟ್ಟ ಕೂಡಲೇ ‘ತಗೊಳ್ಳಿ, ಆರಿ ಹೋಗುತ್ತೆ’ ಎಂದು ಒತ್ತಾಯ ಶುರು. ನಾವು ಉಪಚಾರಕ್ಕೆ ಹೇಳಿದ್ದು ಅವರ ಕಿವಿಗೆ ಒಪ್ಪಿಗೆಯಾಗಿ ಬೀಳುತ್ತದೆ. ಆಮೇಲೆ ‘ಯೋಚಿಸಿ ಹೇಳುತ್ತೇವೆ’ ಅಂದರೆ ಕೊಟ್ಟ ಮಾತು ಮುರಿದ ಹಾಗೆ. ಆದ್ದರಿಂದ ಯಾರು ಉತ್ತರ ಕೊಡುತ್ತಾರೆ ಎಂದು ಮೊದಲೇ ಗೊತ್ತು ಮಾಡಿ, ಉಳಿದವರು ಆ ಕಾಫಿಯ ಸುದ್ದಿಗೇ ಹೋಗದಿರುವುದು ಕ್ಷೇಮ.

ಕೊಲ್ಲಿಯ ಕಡೆಯವರಲ್ಲಿ ಹಿಡಿಯಿಲ್ಲದ ಪುಟ್ಟ ಫಿಂಜಾನ್ ಲೋಟ, ಅದರ ತಳಮಟ್ಟಕ್ಕಷ್ಟೇ ಕಾಫಿ. ಬಲಗೈಯಲ್ಲಿ ಕೊಡಬೇಕು. ಸಾಕೆನಿಸಿದಾಗ ಲೋಟ ಅಲುಗಿಸುತ್ತಾರೆ. ತುಂಬಿಸಿ ಕೊಟ್ಟರೆ ‘ಕುಡಿದು ಹೊರಡಿ’ ಎಂದಂತೆ.

ನಮ್ಮಲ್ಲಿ ಸೋದರಮಾವನಿಲ್ಲದೆ ಮದುವೆ ಮಾತಿಲ್ಲ. ಅರಬ್ ಮನೆಯವರು ಕೇಳುವುದು ‘ವಲಿ ಯಾರು’ ಎಂದು, ಹುಡುಗಿಯ ಪರವಾಗಿ ನಿಕಾಹ್ ಮಾಡಿಕೊಡುವ ಹಿರಿಯ ಯಾರು ಎಂದು. ವಲಿಯಾಗುವುದು ಅಪ್ಪ, ಅಪ್ಪನ ಅಪ್ಪ, ಅಣ್ಣತಮ್ಮಂದಿರು, ಆಮೇಲೆ ಅವರ ಗಂಡುಮಕ್ಕಳು, ಚಿಕ್ಕಪ್ಪ ದೊಡ್ಡಪ್ಪಂದಿರು. ತಾಯಿಯ ತಮ್ಮ ಈ ಸಾಲಿನಲ್ಲಿ ಬರುವುದಿಲ್ಲ. ಅವರು ಮಾತುಕತೆ ನಡೆಸಲಿ, ಕಾಗದಕ್ಕೆ ವಲಿಯಾಗಿ ಸಹಿ ಹಾಕಿದರೆ ಮಾತ್ರ ಮುಂದೆ ಆ ನಿಕಾಹನ್ನು ಪ್ರಶ್ನಿಸಲು ದಾರಿಯಾಗುತ್ತದೆ. ಕರಾವಳಿಯ ಬ್ಯಾರಿ, ನವಾಯತರು ಶಾಫಿಈ ಪಂಥದವರು, ಅಲ್ಲಿ ವಲಿ ಕಡ್ಡಾಯ. ಹನಫಿ ಪಂಥದ ಮನೆಗಳಲ್ಲಿ ವಯಸ್ಕ ಹುಡುಗಿಗೆ ತಾನೇ ಒಪ್ಪುವ ಅಧಿಕಾರವಿದ್ದರೂ ಅರಬ್ ದೇಶದ ಕಚೇರಿಗಳು ಸಾಮಾನ್ಯವಾಗಿ ವಲಿಯ ಸಹಿ ಹುಡುಕುತ್ತವೆ.

ಸಂಬಂಧ ಬೇಡವಾದರೆ ಕಾರಣ ಬಿಡಿಸಿ ಹೇಳಬೇಡಿ. ‘ಮಾ ಫೀ ನಸೀಬ್’, ಋಣ ಇಲ್ಲ ಎಂದರೆ ಸಾಕು. ಯಾರ ಮರ್ಯಾದೆಗೂ ಧಕ್ಕೆಯಿಲ್ಲದೆ ಎರಡೂ ಮನೆ ಎದ್ದು ಹೋಗುತ್ತವೆ.

ಶರಫ್, ಇರ್ದ್

ಮರ್ಯಾದೆಗೆ ಅರಬ್ಬರಲ್ಲಿ ಎರಡು ಮಾತಿದೆ. ‘ಶರಫ್’ ಅಂದರೆ ಮನೆತನದ ಗೌರವ: ಆತಿಥ್ಯ, ಕೊಟ್ಟ ಮಾತು, ಧಾರಾಳತನದಿಂದ ಬೆಳೆಯುತ್ತದೆ, ಕುಗ್ಗಿದರೆ ಮತ್ತೆ ಗಳಿಸಬಹುದು. ‘ಇರ್ದ್’ ಮನೆಯ ಹೆಂಗಸರ ಮಾನಕ್ಕೆ ಅಂಟಿದ್ದು, ಹೋದರೆ ಹೋಯಿತು ಎನ್ನುತ್ತಾರೆ. ಈ ಭಾರವನ್ನೆಲ್ಲ ಹೆಣ್ಣಿನ ಮೇಲೆ ಹೊರಿಸುವುದು ಅನ್ಯಾಯ. ನಮ್ಮ ಮನೆಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಆದರೂ ಸಂಬಂಧ ಬೆಳೆಸುವವರು ಅದು ಎಲ್ಲೆಲ್ಲಿ ತಾಗುತ್ತದೆ ಎಂದು ತಿಳಿದಿರಬೇಕು.

ಲಗ್ನಪತ್ರಿಕೆಯಲ್ಲಿ ತಾತ, ಮುತ್ತಾತ, ಭಾವಮೈದುನರ ತನಕ ಹೆಸರು ತುಂಬುವುದು ನಮ್ಮ ಪದ್ಧತಿ. ಎಷ್ಟೋ ಅರಬ್ ಕಾರ್ಡುಗಳಲ್ಲಿ ವಧುವಿನ ಹೆಸರೇ ಇರುವುದಿಲ್ಲ, ‘ಇಂಥವರ ಕರೀಮಾ’ (ಮಗಳು) ಎಂದಷ್ಟೇ ಇರುತ್ತದೆ. ಅಚ್ಚಿಗೆ ಕೊಡುವ ಮೊದಲು ಕೇಳಿ. ಅವರ ಮನೆಯ ಹೆಂಗಸರ ಫೋಟೊ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದಂತೂ ಬೇಡವೇ ಬೇಡ. ಹೆಂಗಸರ ಸಭಾಂಗಣದಲ್ಲಿ ಮೊಬೈಲ್ ಬಿಡುವುದಿಲ್ಲ ಎಂದರೆ ನಿಮ್ಮ ಫೋಟೊಗ್ರಾಫರಿಗೆ ಹಿಂದಿನ ದಿನವೇ ತಿಳಿಸಿ.

ಎರಡನೆಯ ಮದುವೆಯಾದರೆ ಅಥವಾ ಹಿಂದೆ ನಿಕಾಹ್ ಆಗಿ ಮುರಿದಿದ್ದರೆ ಮೊದಲೇ ಹೇಳಿ, ಬರೆಸಿ. ಅನೇಕ ಅರಬ್ ಒಪ್ಪಂದಗಳಲ್ಲಿ ವಧು ‘ಬಿಕ್ರ್’ (ಕನ್ಯೆ) ಅಥವಾ ‘ಸಯ್ಯಿಬ್’ (ಹಿಂದೆ ಮದುವೆಯಾದವಳು) ಎಂದು ತುಂಬುವ ಕಲಮು ಇರುತ್ತದೆ. ಸುಳ್ಳು ತುಂಬಿದರೆ ನಾಳೆ ಅದೇ ವಂಚನೆಯ ಮೊಕದ್ದಮೆಗೆ ಆಧಾರ. ಕನ್ಯತ್ವ ಪರೀಕ್ಷೆಯ ಸರ್ಟಿಫಿಕೇಟು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಅಂಥ ಪರೀಕ್ಷೆಗೆ ವೈದ್ಯಕೀಯ ಆಧಾರವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ.

ಮಹರ್ ಎಷ್ಟು, ಯಾವುದರಲ್ಲಿ

ಅಳತೆಗೋಲು ‘ಮಹರ್ ಅಲ್ ಮಿಸ್ಲ್’: ಹುಡುಗಿಯ ಅಪ್ಪನ ಕಡೆಯ ಹೆಣ್ಣುಮಕ್ಕಳಿಗೆ, ಎಂದರೆ ಅಕ್ಕಂದಿರು, ಸೋದರತ್ತೆಯರಿಗೆ ಎಷ್ಟಾಗಿತ್ತೋ ಅಷ್ಟು. ಅವರ ನಿಕಾಹ್‌ನಾಮಾಗಳ (ಮದುವೆ ಕರಾರು ಪತ್ರಗಳ) ನಕಲು ತೆಗೆದಿಟ್ಟುಕೊಂಡರೆ ಚೌಕಾಸಿ ಅರ್ಧ ಮುಗಿಯಿತು. ಹನಫಿಯರಲ್ಲಿ ಕನಿಷ್ಠ 10 ದಿರ್ಹಮ್ ಬೆಳ್ಳಿ, ಇಂದಿನ ತೂಕದಲ್ಲಿ ಸುಮಾರು 30.6 ಗ್ರಾಂ. ಶಾಫಿಈಯರಲ್ಲಿ ಕನಿಷ್ಠವೇ ಇಲ್ಲ. ಮಹರ್ ಫಾತಿಮಿ (ಪ್ರವಾದಿಯವರ ಮಗಳು ಫಾತಿಮಾರ ಹೆಸರಿನ ಅಳತೆ) ಎಂದರೆ 500 ದಿರ್ಹಮ್ ಬೆಳ್ಳಿ, ನಮ್ಮ ಹಿರಿಯರ ಲೆಕ್ಕದಲ್ಲಿ 131 ತೊಲ 3 ಮಾಷ, ಸುಮಾರು 1,530.9 ಗ್ರಾಂ. 786 ರೂಪಾಯಿ ಬರೆಸುವ ರೂಢಿ ಭಕ್ತಿಯಿಂದ ಬಂದಿರಬಹುದು, ಪರದೇಶಕ್ಕೆ ಹೋಗುವ ಹುಡುಗಿಗೆ ಅದು ಆಟೋ ಬಾಡಿಗೆಗೂ ಸಾಲದು.

ಗಂಡಿನ ಕಡೆಯವರು ‘ನಮ್ಮಲ್ಲಿ ಮಿತಿ ಇದೆ’ ಎನ್ನಬಹುದು. ಯುಎಇಯಲ್ಲಿ 1997ರ ಕಾನೂನು ಮುಂಗಡಕ್ಕೆ (ಕೂಡಲೇ ಕೊಡುವುದಕ್ಕೆ) 20,000 ದಿರ್ಹಮ್, ಹಿಂಬಾಕಿಗೆ (ಆಮೇಲೆ ಕೊಡುವುದಕ್ಕೆ) 30,000 ದಿರ್ಹಮ್ ಮಿತಿ ಹಾಕಿದ್ದು ನಿಜ. ಟುನೀಶಿಯಾದಲ್ಲಿ ಒಂದೇ ದಿನಾರ್ ಬರೆಸುವವರೂ ಇದ್ದಾರೆ. ಹುಡುಗನ ದೇಶ ಯಾವುದೆಂದು ನೋಡಿ ಮಾತಾಡಿ. ‘ಅರಬ್ ಪದ್ಧತಿ’ ಎಂಬ ಒಂದೇ ಪದ್ಧತಿ ಇಲ್ಲ.

ಮಹರ್ ಎರಡು ಭಾಗ: ಮುಂಗಡ, ಹಿಂಬಾಕಿ. ಅರಬ್ಬರು ‘ಮುಕದ್ದಮ್’, ‘ಮುಅಖ್ಖರ್’ ಎನ್ನುತ್ತಾರೆ. ನಮ್ಮ ನಿಕಾಹ್‌ನಾಮಾಗಳ ಪದಗಳಲ್ಲಿ ಭಾರಿ ಗುಂಡಿಯಿದೆ. ಕೂಡಲೇ ಕೊಡುವುದಕ್ಕೂ ‘ಮುಅಜ್ಜಲ್’, ಆಮೇಲೆ ಕೊಡುವುದಕ್ಕೂ ‘ಮುಅಜ್ಜಲ್’. ಅರಬಿಯಲ್ಲಿ ಒಂದರಲ್ಲಿ ಐನ್ ಅಕ್ಷರ, ಇನ್ನೊಂದರಲ್ಲಿ ಹಮ್ಜಾ. ನಮ್ಮ ಬಾಯಲ್ಲೂ ಕನ್ನಡ ಬರಹದಲ್ಲೂ ಎರಡೂ ಒಂದೇ. ಆ ಪದ ಬಿಟ್ಟು ‘ನಿಕಾಹ್ ದಿನ ಕೊಡತಕ್ಕದ್ದು’, ‘ವಿಚ್ಛೇದನ ಅಥವಾ ಮರಣ, ಯಾವುದು ಮೊದಲೋ ಆಗ ಕೊಡತಕ್ಕದ್ದು’ ಎಂದೇ ಬರೆಸಿ.

ಪಟ್ಟಣದ ಅರಬ್ ಮನೆಗಳಲ್ಲಿ ಮುಂಗಡ ಸಣ್ಣದು, ಹಿಂಬಾಕಿ ದೊಡ್ಡದು ಇಡುವ ರೂಢಿಯುಂಟು. ದೊಡ್ಡ ಹಿಂಬಾಕಿ ಇದ್ದರೆ ಗಂಡ ತಲಾಕಿಗೆ ಹಿಂಜರಿಯುತ್ತಾನೆ ಎಂಬುದು ಲೆಕ್ಕ. ಎರಡೂ ಮನೆ ಒಂದೇ ಊರಿನಲ್ಲಿದ್ದರೆ ಆ ಲೆಕ್ಕ ಸರಿ. ಮಗಳು ಅಮ್ಮಾನಿನಲ್ಲಿ, ನೀವು ಕುರ್ಲಾದಲ್ಲಿ ಇರುವಾಗ ಅಲ್ಲಿಯ ಕೋರ್ಟಿನಿಂದ ಹಿಂಬಾಕಿ ವಸೂಲಿ ಮಾಡುವುದು ವರ್ಷಗಟ್ಟಲೆ ಓಡಾಟದ ಕೆಲಸ. ದೂರ ಹೋಗುವ ಹುಡುಗಿಗೆ ಮುಂಗಡವೇ ದೊಡ್ಡದಿರಲಿ. ಕಡೇಪಕ್ಷ ಊರಿಗೆ ಮರಳುವ ಟಿಕೆಟ್ಟು, ಆರು ತಿಂಗಳ ಖರ್ಚು ಅದರಲ್ಲಿ ಬರಬೇಕು. ಅದು ಅವಳ ಒಬ್ಬಳದೇ ಹೆಸರಿನ ಬ್ಯಾಂಕ್ ಖಾತೆಗೆ ಹೋಗಬೇಕು.

ಹಿಂಬಾಕಿಯನ್ನು ನೋಟಿನಲ್ಲಿ ಬರೆಸಬೇಡಿ. ಲೆಬನಾನಿನಲ್ಲಿ ವರ್ಷಗಟ್ಟಲೆ ಒಂದು ಡಾಲರಿಗೆ 1,507.5 ಪೌಂಡ್ ಇತ್ತು. ಆಗ ಒಂದೂವರೆ ಕೋಟಿ ಪೌಂಡ್ ಬರೆಸಿಕೊಂಡವಳಿಗೆ ಸುಮಾರು 10,000 ಡಾಲರಿನ ಭರವಸೆ. 2019ರ ನಂತರ ನಾಣ್ಯ ಕುಸಿದು ಡಾಲರಿಗೆ 89,500ರ ಹತ್ತಿರ ಹೋಯಿತು. ಅದೇ ಕಾಗದದ ಬೆಲೆ 170 ಡಾಲರಿಗೂ ಕಡಿಮೆ. ಚಿನ್ನದ ತೂಕದಲ್ಲಿ ಬರೆಸಿದವರು ಉಳಿದುಕೊಂಡರು.

ಚಿನ್ನ ಬರೆಸುವಾಗ ತೊಲ ಎಂಬ ಮಾತೇ ಬೇಡ. ಹಳೆಯ ತೊಲ 11.664 ಗ್ರಾಂ, ಝವೇರಿ ಬಜಾರಿನ ಇಂದಿನ ರೂಢಿಯ ತೊಲ 10 ಗ್ರಾಂ. ‘10 ತೊಲ’ ಎಂದು ಬರೆದರೆ 16 ಗ್ರಾಮಿಗಿಂತ ಹೆಚ್ಚು ಜಗಳಕ್ಕೆ ಬಿಟ್ಟ ಹಾಗೆ. ಕ್ಯಾರೆಟ್ಟೂ ಬರೆಯಿರಿ. ನಮ್ಮಲ್ಲಿ 22 ಕ್ಯಾರೆಟ್ (916) ರೂಢಿ. ಈಜಿಪ್ಟ್, ಜೋರ್ಡಾನ್ ಕಡೆ 21 ಕ್ಯಾರೆಟ್ (875). 100 ಗ್ರಾಮಿಗೆ 4 ಗ್ರಾಂ ಅಪ್ಪಟ ಚಿನ್ನದ ವ್ಯತ್ಯಾಸ. ಇಲ್ಲಿ ಕೊಂಡ ಒಡವೆಯಾದರೆ ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯನ್ನೂ ಪಟ್ಟಿಗೆ ಸೇರಿಸಿ.

ಬರೆಸಬೇಕಾದ ಒಕ್ಕಣೆ ಹೀಗಿರಲಿ: ‘ಮಹರ್ 22 ಕ್ಯಾರೆಟ್ ಚಿನ್ನ 100 ಗ್ರಾಂ. ಇದರಲ್ಲಿ 60 ಗ್ರಾಂ ಈ ದಿನ ವಧುವಿನ ಕೈಗೆ ಸಂದಿದೆ. ಉಳಿದ 40 ಗ್ರಾಂ ವಿಚ್ಛೇದನ ಅಥವಾ ಮರಣ, ಯಾವುದು ಮೊದಲೋ ಆಗ ಚಿನ್ನವಾಗಿ, ಇಲ್ಲವೇ ಕೊಡುವ ದಿನದ ಮಾರುಕಟ್ಟೆ ಬೆಲೆಯಲ್ಲಿ ಸಲ್ಲತಕ್ಕದ್ದು. ಶಬ್ಕಾ ಎಂದು ಕೊಟ್ಟ 30 ಗ್ರಾಂ ಇದರಲ್ಲಿ ಸೇರಿಲ್ಲ.’

ಕೊನೆಯ ಸಾಲು ಮರೆಯಬೇಡಿ. ಶಬ್ಕಾ ಎಂದರೆ ನಿಶ್ಚಿತಾರ್ಥದಲ್ಲಿ ತೊಡಿಸುವ ಚಿನ್ನ. ಅದು ಉಡುಗೊರೆಯೋ, ಮಹರಿನ ಭಾಗವೋ ಎಂಬುದೇ ಸಂಬಂಧ ಮುರಿದಾಗ ಮೊದಲ ಜಗಳ. ಕುವೈತ್ ಕಡೆ ಮದುವೆಗೆ ಮುಂಚೆ ‘ದಝ್ಝಾ’ ಎಂದು ಬಟ್ಟೆ, ಅತ್ತರು, ಒಡವೆಯ ತಟ್ಟೆಗಳು ಬರುತ್ತವೆ. ಅವಕ್ಕೂ ಇದೇ ಪ್ರಶ್ನೆ, ಇದೇ ಉತ್ತರ.

ಸಾಮಾನು ಪಟ್ಟಿ

ಈಜಿಪ್ಟಿನವರಿಂದ ನಾವು ಕಲಿಯಬೇಕಾದ್ದು ‘ಕಾಇಮಾ’. ಮನೆಯ ಸಾಮಾನು, ಫ್ರಿಜ್ಜು, ಮಂಚ, ಒಡವೆ ಒಂದೊಂದನ್ನೂ ಬೆಲೆಸಹಿತ ಬರೆದು, ಇವು ಹೆಂಡತಿಯವು, ನನ್ನ ಬಳಿ ಅಮಾನತ್ತಾಗಿ (ನಂಬಿ ಒಪ್ಪಿಸಿದ ವಸ್ತುಗಳಾಗಿ) ಇವೆ ಎಂದು ಗಂಡ ಸಹಿ ಹಾಕುತ್ತಾನೆ. ವಾಪಸು ಕೊಡದಿದ್ದರೆ ಅಲ್ಲಿಯ ದಂಡ ಸಂಹಿತೆಯ 341ನೇ ಕಲಮಿನಡಿ ನಂಬಿಕೆದ್ರೋಹ, ಜೈಲು.

ನಮ್ಮಲ್ಲೂ ಇಂಥದೊಂದಿದೆ, ಬಳಸುವವರು ಕಡಿಮೆ. ವರದಕ್ಷಿಣೆ ನಿಷೇಧ ಕಾಯ್ದೆಯ ಕೆಳಗೆ ಮಾಡಿದ 1985ರ ನಿಯಮಗಳ ಪ್ರಕಾರ ವಧುವಿಗೂ ವರನಿಗೂ ಬಂದ ಉಡುಗೊರೆಗಳ ಪಟ್ಟಿ ಬೇರೆ ಬೇರೆ ಇರಬೇಕು: ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ಕೆಳಗೆ ಇಬ್ಬರ ಸಹಿ. ಇದನ್ನೇ ಕಾಇಮಾದ ಒಕ್ಕಣೆ ಸೇರಿಸಿ ಮೂರು ಪ್ರತಿ ಮಾಡಿ. ಒಂದು ಹುಡುಗಿಗೆ, ಒಂದು ತವರಿಗೆ, ಒಂದು ಗಂಡನಿಗೆ. ಮದುವೆಯ ಮರುದಿನ ಬರೆಯೋಣ ಎಂದು ಬಿಟ್ಟರೆ ಬರೆದಂತೆಯೇ. ನಿಕಾಹ್‌ಗೆ ಮುಂಚೆಯೇ ಸಹಿಯಾಗಲಿ.

ನಿಕಾಹ್ ದಿನ

ಇಬ್ಬರು ಸಾಕ್ಷಿಗಳ ಎದುರು ಮಹರಿನ ಮೊತ್ತವನ್ನು ಬಾಯಿಬಿಟ್ಟು ಹೇಳಬೇಕು; ಕಾಗದದಲ್ಲಿ ಇರುವುದೂ ಅದೇ ಆಗಿರಬೇಕು. ನಾಲ್ಕು ಜನರೆದುರು ಪ್ರತಿಷ್ಠೆಗೆ ಒಂದು ಮೊತ್ತ, ಒಳಗೆ ಇನ್ನೊಂದು ಎಂಬ ಆಟವನ್ನು ಫಿಕ್ಹ್ (ಇಸ್ಲಾಮಿ ಧರ್ಮಶಾಸ್ತ್ರ) ಪಂಡಿತರು ಸಾವಿರ ವರ್ಷದ ಹಿಂದೆಯೇ ಚರ್ಚಿಸಿದ್ದಾರೆ. ಅದಕ್ಕೆ ಒಪ್ಪಿದರೆ ಕೋರ್ಟಿನಲ್ಲಿ ಯಾವುದು ನಿಜ ಎಂದು ಸಾಬೀತು ಮಾಡುವ ಹೊಣೆ ಹುಡುಗಿಯ ತಲೆಗೆ ಬರುತ್ತದೆ. ಹುಡುಗಿಯ ಮೌನವೇ ಸಮ್ಮತಿ ಎಂಬುದಕ್ಕೆ ಜೋತುಬೀಳದೆ ಅವಳಿಂದ ಹೌದು ಅನ್ನಿಸಿ, ಸಹಿ ಹಾಕಿಸಿ. ಅರಬಿ ಕಾಗದವಿದ್ದರೆ ಅನುವಾದ ಕೈಗೆ ಬಾರದೆ ಪೆನ್ನು ಎತ್ತಬೇಡಿ.

ಷರತ್ತುಗಳನ್ನು ಸೇರಿಸುವ ಜಾಗವೂ ಇದೇ. ನಾಲ್ಕಂತೂ ಇರಲಿ: ಪಾಸ್‌ಪೋರ್ಟ್ ಅವಳ ಬಳಿಯೇ ಇರತಕ್ಕದ್ದು, ವರ್ಷಕ್ಕೊಮ್ಮೆ ತವರಿಗೆ ಪ್ರಯಾಣ, ಗಂಡ ಇನ್ನೊಂದು ಮದುವೆಯಾದರೆ ಅವಳು ತಾನೇ ತಲಾಕ್ ಪಡೆಯುವ ಅಧಿಕಾರ (ತಲಾಕ್-ಎ-ತಫ್ವೀಜ್, ನಮ್ಮ ಕೋರ್ಟುಗಳು ಮಾನ್ಯ ಮಾಡಿವೆ), ಜಗಳವಾದರೆ ಎರಡೂ ಕಡೆಯಿಂದ ಒಬ್ಬೊಬ್ಬ ಹಕಮ್ (ಮಧ್ಯಸ್ಥ), ಹೆಸರುಸಹಿತ.

ಮಹರಿನ ಮುಂದಿನ ಗತಿಯೂ ಹುಡುಗಿಗೆ ಗೊತ್ತಿರಲಿ. ಗಂಡಹೆಂಡಿರಾಗಿ ಕೂಡುವ ಮೊದಲೇ ತಲಾಕಾದರೆ ಅರ್ಧ ಮಹರ್. ಅವಳೇ ಖುಲಾ (ಹೆಂಡತಿ ಕೇಳಿ ಪಡೆಯುವ ವಿಚ್ಛೇದನ) ಕೇಳಿದರೆ ಸಾಮಾನ್ಯವಾಗಿ ಮಹರ್ ಬಿಟ್ಟುಕೊಡಬೇಕಾಗುತ್ತದೆ. ಗಂಡ ತೀರಿದರೆ ಮಹರ್ ಅವನ ಸಾಲ. ಆಸ್ತಿ ಹಂಚುವುದಕ್ಕೆ ಮುಂಚೆ ತೀರಿಸಬೇಕು. ‘ಮಾಫ್ ಮಾಡು’ ಎಂದು ಮಯ್ಯತ್ತಿನ (ಶವದ) ಮುಂದೆ ವಿಧವೆಯಿಂದ ಹೇಳಿಸುವ ಪದ್ಧತಿಗೆ ದಯವಿಟ್ಟು ಯಾರೂ ಕೈಜೋಡಿಸಬೇಡಿ.

ಕಾಗದದ ದಾರಿ

ಮಹಾರಾಷ್ಟ್ರದಲ್ಲಿ 1998ರ ಮದುವೆ ನೋಂದಣಿ ಕಾಯ್ದೆಯಂತೆ 90 ದಿನದೊಳಗೆ ನೋಂದಣಿ. ದಂಪತಿ, ಮೂವರು ಸಾಕ್ಷಿಗಳು, ನಿಕಾಹ್ ಓದಿಸಿದ ಖಾಝಿಯವರ ಸಹಿ ಬೇಕು. ಹುಡುಗಿಗೆ 18, ಹುಡುಗನಿಗೆ 21 ತುಂಬಿರಲೇಬೇಕು. ಆ ಸರ್ಟಿಫಿಕೇಟು ಮುಂಬಯಿಯ ಮಂತ್ರಾಲಯದ (ರಾಜ್ಯ ಸಚಿವಾಲಯದ) ದೃಢೀಕರಣ ಪಡೆದು, ವಿದೇಶಾಂಗ ಇಲಾಖೆಗೆ ಹೋಗುತ್ತದೆ. ಸೌದಿ, ಒಮಾನ್, ಬಹ್ರೇನಿಗೆ ಆ ಇಲಾಖೆ ಒತ್ತುವ ಅಪೊಸ್ಟಿಲ್ ಮುದ್ರೆಯೇ ನಡೆಯುತ್ತದೆ. ಯುಎಇ, ಕುವೈತ್, ಕತಾರಿನವರಿಗೆ ಅವರವರ ದೂತಾವಾಸದ ಮೊಹರು ಬೇಕು. ಇಲ್ಲಿ ಕಾಗದ ತಿರುಗಿ ಬರುವುದು ಬಹುಪಾಲು ಹೆಸರಿನ ಕಾಗುಣಿತದಿಂದ: ನಿಕಾಹ್‌ನಾಮಾದಲ್ಲಿ ಒಂದು ‘ಮೊಹಮ್ಮದ್’, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಖಾಝಿಯವರ ಮುಂದೆ ಪಾಸ್‌ಪೋರ್ಟನ್ನೇ ಇಟ್ಟು ಅಕ್ಷರಕ್ಕೆ ಅಕ್ಷರ ಬರೆಸಿ.

ಸೌದಿ, ಕತಾರಿನ ಪ್ರಜೆ ಪರದೇಶದ ಹುಡುಗಿಯನ್ನು ಮದುವೆಯಾಗಲು ಅವನ ಸರಕಾರದ ಅನುಮತಿ ಬೇಕು. ‘ಆಮೇಲೆ ತರುತ್ತೇನೆ’ ಅಂದರೆ ನಿಕಾಹ್ ಮುಂದೂಡಿ. ಅನುಮತಿಯಿಲ್ಲದ ಮದುವೆಯಲ್ಲಿ ಹೆಂಡತಿಯ ಇಕಾಮಾ (ವಾಸದ ಪರವಾನಗಿ), ಹುಟ್ಟುವ ಮಗುವಿನ ದಾಖಲೆ ಎರಡೂ ಸಿಕ್ಕಿಬೀಳುತ್ತವೆ.

ಗೋವಾದಲ್ಲಿರುವ ಕನ್ನಡಿಗರು ಗಮನಿಸಿ: ಅಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ನೆರಳು ಇನ್ನೂ ಇದೆ. ಸಿವಿಲ್ ರಿಜಿಸ್ಟ್ರಾರ್ ಮುಂದೆ ಮೊದಲು ಮದುವೆಯ ಇರಾದೆ ಘೋಷಣೆ, ಕೆಲವು ದಿನ ಬಿಟ್ಟು ದೃಢೀಕರಣದ ಸಹಿ, ಹೀಗೆ ಎರಡು ಸಲ ಹೋಗಬೇಕು. ಬರೀ ನಿಕಾಹ್ ಓದಿಸಿದರೆ ಸಾಲದು.

ಒಡವೆ ತೊಟ್ಟು ವಿಮಾನ ಹತ್ತುವ ದಿನ, ಸಹಾರ್ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಚಿನ್ನದ ರಫ್ತು ಸರ್ಟಿಫಿಕೇಟು ಮಾಡಿಸಿಕೊಳ್ಳಿ. ಮರಳಿ ಬರುವಾಗ ತನ್ನದೇ ಬಳೆಗೆ ಸುಂಕದ ತಕರಾರು ಬರುವುದಿಲ್ಲ.

ದಲ್ಲಾಳಿ ತಂದ ಸಂಬಂಧ

1991ರಲ್ಲಿ ಹೈದರಾಬಾದಿನ ಪುಟ್ಟ ಬಾಲಕಿಯೊಬ್ಬಳು ಅರವತ್ತು ದಾಟಿದ ಸೌದಿ ‘ಗಂಡ’ನ ಪಕ್ಕ ವಿಮಾನದಲ್ಲಿ ಅಳುತ್ತ ಕೂತಿದ್ದನ್ನು ಗಗನಸಖಿ ಕಂಡು ಬಿಡಿಸಿದ್ದು ದೇಶವೆಲ್ಲ ಓದಿದ ಸುದ್ದಿ. ಆ ವ್ಯಾಪಾರ ಬೇರೆ ಬೇರೆ ಹೆಸರಲ್ಲಿ ಉಳಿದುಕೊಂಡಿದೆ. ವಯಸ್ಸಿನ ಅಂತರ ದೊಡ್ಡದು. ಗಂಡಿನ ಕಡೆಯಿಂದ ಒಬ್ಬ ಹೆಂಗಸೂ ಬಂದಿಲ್ಲ. ವಾರದೊಳಗೆ ನಿಕಾಹ್ ಆಗಬೇಕೆಂಬ ಅವಸರ. ಮಹರ್ ಹಣ ಅಪ್ಪನ ಅಥವಾ ದಲ್ಲಾಳಿಯ ಕೈಗೆ. ಖಾಲಿ ಕಾಗದಕ್ಕೋ ಮೊದಲೇ ಬರೆದಿಟ್ಟ ತಲಾಕಿಗೋ ಸಹಿ. ‘ನೋಂದಣಿ ಅಲ್ಲಿ ಹೋಗಿ ಮಾಡಿಸೋಣ’ ಎಂಬ ಮಾತು. ಇವುಗಳಲ್ಲಿ ಎರಡು ಕಂಡರೂ ಬಾಗಿಲು ಹಾಕಿ. ‘ಮಿಸ್ಯಾರ್’ ಎಂದರೆ ಹೆಂಡತಿ ಮನೆ, ಖರ್ಚಿನ ಹಕ್ಕು ಬಿಟ್ಟುಕೊಡುವ ಮದುವೆ. ‘ಉರ್ಫಿ’ ಎಂದರೆ ನೋಂದಣಿಯಿಲ್ಲದ್ದು. ಎರಡರ ಹೆಸರು ಬಂದರೂ ಬೇಡವೆನ್ನಿ. ಪರದೇಶದ ಗಂಡು ಹೆಂಡತಿಗಿಂತ 25 ವರ್ಷಕ್ಕೂ ಹೆಚ್ಚು ದೊಡ್ಡವನಾದರೆ ಅವಳ ಹೆಸರಲ್ಲಿ 50,000 ಈಜಿಪ್ಟ್ ಪೌಂಡ್ ಠೇವಣಿ ಇಡಬೇಕೆಂದು ಈಜಿಪ್ಟ್ ಸರಕಾರವೇ 2015ರಲ್ಲಿ ಆದೇಶ ಮಾಡಿತ್ತು. ಹುಡುಗಿ ಅಪ್ರಾಪ್ತಳಾಗಿದ್ದರೆ, ಬಲವಂತ ನಡೆದಿದ್ದರೆ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098.

ಹೊರಡುವ ಹುಡುಗಿಯ ಕೈಚೀಲದಲ್ಲಿ ಇರಬೇಕಾದ್ದು: ಪಾಸ್‌ಪೋರ್ಟು, ಅದರ ಎರಡು ನಕಲು, ದೃಢೀಕರಿಸಿದ ಮದುವೆ ಸರ್ಟಿಫಿಕೇಟು, ಸಾಮಾನು ಪಟ್ಟಿ, ಅಲ್ಲಿಯ ಭಾರತೀಯ ದೂತಾವಾಸದ ನಂಬರು ಕಾಗದದಲ್ಲಿ ಬರೆದದ್ದು, ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲಿನಲ್ಲಿ ಮೊದಲೇ ತೆರೆದ ಖಾತೆ, ಅವಳ ಹೆಸರಿನ ಬ್ಯಾಂಕ್ ಕಾರ್ಡು. ಫೋನ್ ಕಸಿದುಕೊಂಡರೆ ನೆನಪಿನಿಂದ ಒತ್ತಲು ತವರಿನ ಒಂದು ನಂಬರನ್ನು ಅವಳಿಗೆ ಬಾಯಿಪಾಠ ಮಾಡಿಸಿ.